ಮಾಳಿಗೆ ಮನೆಯ ವಿನ್ಯಾಸ ಮತ್ತು ಜನಪದರ ಬದುಕು

ಉತ್ತರ ಕರ್ನಾಟಕದ ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಯನ್ನು ಹವಾಮಾನಕ್ಕೆ ತಕ್ಕ ಆಸರೆಯೆಂದಷ್ಟೇ ಪರಿಗಣಿಸುವುದು ವಾಡಿಕೆ. ಆದರೆ ಒಕ್ಕಲು ಕುಟುಂಬದ ದಿನಚರಿ, ಸಂಬಂಧ ಹಾಗೂ ನೆಮ್ಮದಿಯನ್ನು ರೂಪಿಸುವ ವ್ಯವಸ್ಥೆಯಾಗಿಯೂ ಅದನ್ನು ಅಭ್ಯಸಿಸಬೇಕಾಗಿದೆ.

ಮನೆಯ ಮುಂದಿನ ಕಟ್ಟೆಯು ಬೀದಿಗೂ ಮನೆಗೂ ಸಮಾನವಾಗಿ ಸೇರಿದ ಸ್ಥಳ. ದುಡಿಮೆಯಿಂದ ನಿವೃತ್ತರಾದ ಹಿರಿಯರು ಇಲ್ಲಿ ಕುಳಿತು ಹೋಗಿ ಬರುವವರನ್ನು ಮಾತನಾಡಿಸುತ್ತಾರೆ. ಊರಿನ ಸುದ್ದಿಯೊಂದಿಗೆ ಅವರ ನಂಟು ಕಡಿಯುವುದಿಲ್ಲ. ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ತಗ್ಗಾದ ನೆಲ ಹಾಗೂ ಗ್ವಾದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡುಗೆಮನೆ ಮತ್ತು ದೇವರ ಜಗಲಿ ಇರುತ್ತವೆ. ಪಡಸಾಲೆಯಲ್ಲಿ ಮಲಗಿದ ರೈತನಿಗೆ ಎತ್ತು ಮೇವು ಬಿಟ್ಟದ್ದೂ, ಆಕಳು ಈಯುವ ಹೊತ್ತಾದದ್ದೂ ಎದ್ದು ಹೋಗದೆಯೇ ತಿಳಿಯುತ್ತದೆ. ದಪ್ಪನೆಯ ಮಣ್ಣಿನ ಗೋಡೆಯು ಬಿಸಿಲಿನ ಕಾವನ್ನು ನಿಧಾನವಾಗಿ ಒಳಗೆ ಬಿಡುವುದರಿಂದ ಬೇಸಿಗೆಯ ಮಧ್ಯಾಹ್ನ ಪಡಸಾಲೆ ತಂಪಾಗಿರುತ್ತದೆ. ರಾತ್ರಿ ಗೋಡೆ ಕಾವನ್ನು ಹೊರಸೂಸುವ ಹೊತ್ತಿಗೆ ಜನರು ಮಾಳಿಗೆಯ ಮೇಲೆ ಮಲಗುತ್ತಾರೆ. ಹೀಗೆ ಹೊತ್ತಿಗೆ ತಕ್ಕ ಸ್ಥಳವೆಂಬ ತಿಳಿವಳಿಕೆ ಈ ರಚನೆಯಲ್ಲಿ ಅಡಗಿದೆ.

ಆದಾಗ್ಯೂ ಇದನ್ನು ವೈಭವೀಕರಿಸುವುದು ಸಲ್ಲದು. ಕೆಲವರಿಗೆ ಕೂರುವ ಸ್ಥಳವಾದ ಕಟ್ಟೆಯು, ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರಿಗೆ ಕೆಳಗೇ ನಿಲ್ಲಬೇಕಾದ ಗಡಿಯಾಗಿತ್ತು. ಬೆಳಕಿಂಡಿಯೊಂದನ್ನೇ ನೆಚ್ಚಿದ ಅಡುಗೆಮನೆಯ ಹೊಗೆಯು ಹೆಣ್ಣುಮಕ್ಕಳ ಕಣ್ಣು ಮತ್ತು ಶ್ವಾಸಕೋಶಗಳನ್ನು ಹಾಳುಮಾಡುವಂಥದ್ದು. ಮನೆ ನೀಡುವ ನೆಮ್ಮದಿ ಯಾರದು ಎಂಬ ಪ್ರಶ್ನೆಯನ್ನು ಬಿಟ್ಟು ಜನಪದ ವಾಸ್ತುವಿನ ಅಧ್ಯಯನ ಪೂರ್ಣವಾಗದು.

ಈ ಪ್ರಶ್ನೆಗೆ ಪ್ರಾಯೋಗಿಕ ಮಹತ್ವವೂ ಇದೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಸುರಿದ ಮಳೆ ಮತ್ತು ನೆರೆಗೆ ಉತ್ತರ ಕರ್ನಾಟಕದ ಅಸಂಖ್ಯ ಮಣ್ಣಿನ ಮನೆಗಳು ನೆನೆದು ಕುಸಿದವು. ಸಂತ್ರಸ್ತರಿಗಾಗಿ ‘ಆಸರೆ’ ಯೋಜನೆಯಡಿ ಹೊಸ ಮನೆಗಳನ್ನು ನಿರ್ಮಿಸಲಾಯಿತು. ನೀರಿಗೆ ಕರಗದ ಗೋಡೆ ಅಂದಿನ ಮೊದಲ ಅಗತ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾವುದೇ ಪುನರ್ವಸತಿಯಲ್ಲಿ ದನಕ್ಕೆ ಜಾಗವಿಲ್ಲದಿದ್ದರೆ ದನ ಹಳೆಯ ಊರಿನಲ್ಲಿಯೇ ಉಳಿಯುತ್ತದೆ. ಅದರ ಕಾವಲಿಗೆ ಮನೆಯವರೊಬ್ಬರೂ ಅಲ್ಲಿಯೇ ಮಲಗಬೇಕಾಗುತ್ತದೆ. ಕಟ್ಟೆಯಿಲ್ಲದ ಮನೆಯಲ್ಲಿ ವೃದ್ಧರು ಒಳಕೋಣೆಗೆ ಸರಿಯುತ್ತಾರೆ. ತೆಳುಗೋಡೆ ಮತ್ತು ತಗಡಿನ ಚಾವಣಿ ಇದ್ದಲ್ಲಿ ಮಧ್ಯಾಹ್ನದ ವಿಶ್ರಾಂತಿ ಮರದ ನೆರಳನ್ನು ಹುಡುಕಬೇಕಾಗುತ್ತದೆ.

ಆದುದರಿಂದ ಹಳೆಯ ಮನೆಯನ್ನು ಇದ್ದಂತೆಯೇ ಮರಳಿ ಕಟ್ಟುವುದು ಪರಿಹಾರವಲ್ಲ. ಎಲ್ಲರೂ ಸಮಾನವಾಗಿ ಕೂರಬಹುದಾದ ಕಟ್ಟೆ, ಹೊಗೆ ಹೊರಹೋಗುವ ಅಡುಗೆಮನೆ, ಕೂಗಳತೆಯ ಕೊಟ್ಟಿಗೆ, ಕಾವು ತಡೆಯುವ ಗೋಡೆ ಇವುಗಳನ್ನು ನಕ್ಷೆ ಸಿದ್ಧವಾಗುವ ಮುನ್ನವೇ ಚರ್ಚಿಸಬೇಕು. ಈ ಕುರಿತ ಅರಿವು ಆ ಮನೆಗಳಲ್ಲಿ ಬಾಳಿದವರಲ್ಲಿದೆ. ವಿಶೇಷವಾಗಿ ಹೆಣ್ಣುಮಕ್ಕಳ ಹಾಗೂ ಕಟ್ಟೆಯ ಕೆಳಗೆ ನಿಂತವರ ಅನುಭವವನ್ನು ದಾಖಲಿಸುವುದು ಜಾನಪದ ಕ್ಷೇತ್ರಕಾರ್ಯದ ಮುಂದಿರುವ ಹೊಣೆಯಾಗಿದೆ.