ಕಗ್ಗ ಇನ್ನೂ ಏಕೆ ಹತ್ತಿರ?

ಪ್ರಶ್ನೆ: 'ಮಂಕುತಿಮ್ಮನ ಕಗ್ಗ' ಬಂದು ಎಂಬತ್ತು ವರ್ಷ ದಾಟಿತು. ಜನ ಅದನ್ನು ಇನ್ನೂ ಬಾಯಿಪಾಠ ಹೇಳುತ್ತಾರಲ್ಲ, ಏಕೆ?

ಉತ್ತರ: ಮೊದಲ ಕಾರಣ ಕಿವಿಗೆ ಸಂಬಂಧಿಸಿದ್ದು. 1943ರಲ್ಲಿ ಪ್ರಕಟವಾದ ಕಗ್ಗದಲ್ಲಿ 945 ಪದ್ಯಗಳಿವೆ. ಒಂದೊಂದಕ್ಕೂ ನಾಲ್ಕೇ ಸಾಲು, ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ, ಕೊನೆಗೆ 'ಮಂಕುತಿಮ್ಮ' ಎಂಬ ಕರೆ. ಒಂದು ಸಾಲು ಮರೆತರೆ ಪ್ರಾಸವೇ ಅದನ್ನು ನೆನಪಿಗೆ ತಂದುಕೊಡುತ್ತದೆ.

ಆ ಕೊನೆಯ ಕರೆಯೇ ನನಗೆ ಎಲ್ಲಕ್ಕಿಂತ ದೊಡ್ಡದು. ಕಗ್ಗ ಬರೆದ ಡಿ.ವಿ. ಗುಂಡಪ್ಪನವರು ಎತ್ತರದಲ್ಲಿ ಕೂತು ಓದುಗನಿಗೆ ಬುದ್ಧಿ ಹೇಳುವುದಿಲ್ಲ. ಮಂಕನೆಂದು ತಮ್ಮನ್ನೇ ಕರೆದುಕೊಂಡು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ನಾವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತೇವೆ, ಅಷ್ಟೆ. ಹಾಗೆ ಬಂದ ಮಾತು ಚುಚ್ಚುವುದಿಲ್ಲ. ಅವರು ಹೈಸ್ಕೂಲು ದಾಟಿ ಓದಿದವರಲ್ಲ, ಪತ್ರಿಕೆ ನಡೆಸಿ ಬದುಕಿದವರು, ಪತ್ನಿಯನ್ನು ಬೇಗ ಕಳೆದುಕೊಂಡವರು. ಅವರ ಸಮಾಧಾನದ ಮಾತಿಗೆ ಅನುಭವದ ತೂಕವಿದೆ. ಎಲ್ಲವೂ ಸರಿಹೋಗುತ್ತದೆಂಬ ಪೊಳ್ಳು ಭರವಸೆ ಅಲ್ಲಿಲ್ಲ. ಸಂಶಯವೂ ಇದೆ, ದೇವರಿಗೆ ಹಾಕಿದ ಪ್ರಶ್ನೆಯೂ ಇದೆ.

ಹಳಗನ್ನಡದ ಛಾಯೆಯ ಪದಗಳು ಅಲ್ಲಲ್ಲಿ ತೊಡರುತ್ತವೆ, ನಿಜ. ಆದರೆ ಹುಲ್ಲು, ಬೇರು, ಮಲ್ಲಿಗೆಯಂಥ ಕಣ್ಣೆದುರಿನ ವಸ್ತುಗಳು ಅರ್ಥವನ್ನು ಹತ್ತಿರಕ್ಕೆ ಎಳೆದು ತರುತ್ತವೆ. ನಮ್ಮ ತಂದೆಯ ಪ್ರತಿಯ ಬೆನ್ನು ಕಿತ್ತು ಬಂದಿದೆ. ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ತಾರೀಕಿದೆ, ಅಜ್ಜಿ ತೀರಿಕೊಂಡ ದಿನದ್ದು.