ಜೋಳದ ಬೇರನ್ನು ಹೀರುವ ಕಳೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಒಕ್ಕಲುತನದ ಮನೆಗಳಲ್ಲಿ ಗೃಹಿಣಿಯರಾಗಿರುವರು. ಹೊಲದ ಕಳೆ ತೆಗೆಯುವ ಕೆಲಸವು ಬಹುಮಟ್ಟಿಗೆ ಹೆಂಗಸರ ಪಾಲಿಗೇ ಬರುವುದರಿಂದ, ಜೋಳದ ಶತ್ರುವಾದ ಸ್ಟ್ರೈಗಾ ಎಂಬ ಕಳೆಯ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ಇಂಗ್ಲಿಷರು ಇದನ್ನು ಮಾಟಗಾತಿಯ ಕಳೆಯೆಂದು ಕರೆಯುವರು. ನೆಲದಲ್ಲಿ ತೇವವಿದ್ದರೂ ಜೋಳವು ಬಾಡಿ, ಹಳದಿಗೊಂಡು, ಕುಗ್ಗಿ ನಿಲ್ಲುವುದನ್ನು ಕಂಡವರಿಗೆ ಈ ಹೆಸರು ವಿಚಿತ್ರವೆನಿಸದು. ಆದರೆ ಇದು ಮಾಟವಲ್ಲ, ಕಳವು.

ಈ ಗಿಡವು ಸಾಮಾನ್ಯವಾಗಿ ಒಂದು ಗೇಣು ಎತ್ತರವಾಗಿದ್ದು, ಜೋಳದ ಬುಡದ ಸುತ್ತಲೂ ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತದೆ. ಎಲೆಗಳು ಹಸುರು, ಕಿರಿದು, ಮುಟ್ಟಿದರೆ ಒರಟು. ಹೂಗಳು ಸಣ್ಣವು, ನಮ್ಮ ದೇಶದಲ್ಲಿ ಹೆಚ್ಚಾಗಿ ಬಿಳಿಯವು. ಬೀಜವಂತೂ ಧೂಳಿನಷ್ಟು ಸೂಕ್ಷ್ಮ. ಒಂದೇ ಗಿಡದಿಂದ ಹತ್ತಾರು ಸಾವಿರ ಬೀಜಗಳುದುರಿ, 10 ವರ್ಷಗಳಿಗೂ ಮಿಕ್ಕಿ ಮಣ್ಣಿನಲ್ಲಿ ಜೀವದಿಂದಿರಬಲ್ಲವು.

ಈ ಬೀಜವು ತಾನಾಗಿ ಮೊಳೆಯುವುದಿಲ್ಲ. ಬೆಳೆಯ ಬೇರು ಸ್ರವಿಸುವ ಒಂದು ವಸ್ತುವು ಸೋಕಿದರೆ ಮಾತ್ರ ಎಚ್ಚರಗೊಳ್ಳುತ್ತದೆ. ಅಂಥ ವಸ್ತುವೊಂದನ್ನು ವಿಜ್ಞಾನಿಗಳು 1966ರಲ್ಲಿ ಹತ್ತಿಯ ಬೇರುಗಳಿಂದ ಬೇರ್ಪಡಿಸಿದರು. ಬೆಳೆಗೆ ರಂಜಕವನ್ನೊದಗಿಸುವ ಮಣ್ಣಿನ ಶಿಲೀಂಧ್ರಗಳಿಗೂ ಇದೇ ಬಗೆಯ ವಸ್ತುಗಳು ಕರೆಯೋಲೆಯೆಂಬುದು 2005ರಲ್ಲಿ ತಿಳಿದುಬಂದಿತು. ಸ್ನೇಹಿತನನ್ನು ಕೂಗಿದ ದನಿಯನ್ನು ಕಳ್ಳನೂ ಕೇಳಿದಂತಾಯಿತು! ನೆಲವು ಬಡವಾದಷ್ಟೂ ಈ ಕೂಗು ಹೆಚ್ಚು. ಮೊಳಕೆಯು ಬೇರಿಗಂಟಿಕೊಂಡು, ಕೆಲವು ವಾರಗಳ ಕಾಲ ಒಳಗೊಳಗೇ ರಸವನ್ನು ಹೀರಿ, ಆಮೇಲೆ ತಲೆಯೆತ್ತುವುದು. ನಮ್ಮ ಕಣ್ಣಿಗೆ ಬೀಳುವ ವೇಳೆಗೆ ಹಾನಿಯ ಬಹುಭಾಗವು ಆಗಿಹೋಗಿರುತ್ತದೆ.

ಹಾಗಾದರೆ ಕಿತ್ತು ಫಲವೇನೆಂದು ಕೇಳಬಹುದು. ಫಲವು ಈ ವರ್ಷದ ಬೆಳೆಗಿಂತ ಮುಂದಿನ ವರ್ಷಗಳ ಬೆಳೆಗೆ ಹೆಚ್ಚು. ಹೂ ಬಿಡುವ ಮುನ್ನವೇ ಕೀಳತಕ್ಕದ್ದು. ಹೂ ಬಿಟ್ಟುದನ್ನು ಬದುವಿನಲ್ಲಾಗಲಿ ತಿಪ್ಪೆಯಲ್ಲಾಗಲಿ ಎಸೆಯಕೂಡದು, ಸುಡಬೇಕು. ಕಳೆಯಿದ್ದ ಹೊಲದ ಮಣ್ಣು ಅಂಟಿದ ಕುಂಟೆ, ಕುರ್ಚಿಗೆಗಳನ್ನು ತೊಳೆಯದೆ ಬೇರೆ ಹೊಲಕ್ಕೆ ಒಯ್ಯಬಾರದು. ಕೊಟ್ಟಿಗೆಯ ಗೊಬ್ಬರವನ್ನೂ ಸಾರಜನಕವನ್ನೂ ಸಾಕಷ್ಟು ಕೊಟ್ಟರೆ ಕಳೆಯು ತಗ್ಗುವುದು. ಜೋಳದ ಮೇಲೆ ಜೋಳವನ್ನೇ ಬಿತ್ತದೆ, ನಡುನಡುವೆ ಹತ್ತಿಯನ್ನೋ ಅಲಸಂದೆಯನ್ನೋ ಬೆಳೆಯುವುದು ಲೇಸು. ಅವುಗಳ ಬೇರಿನ ಕರೆಗೆ ಬೀಜಗಳು ಮೊಳೆತರೂ, ಅಲ್ಲಿ ಆಹಾರ ದೊರೆಯದೆ ಸಾಯುವುವು. 2,4-ಡಿ ಎಂಬ ಔಷಧವು ಮೇಲೆದ್ದ ಕಳೆಯನ್ನು ಕೊಲ್ಲುವುದಾದರೂ ಆದ ನಷ್ಟವನ್ನು ತುಂಬಿಕೊಡದು. ನೆರೆಯ ಹತ್ತಿಗೆ ಅದು ಬಹಳ ಅಪಾಯಕರ.

ಒಂದು ವರ್ಷ ಕಿತ್ತು ಕೈಬಿಟ್ಟರೆ ಸಾಲದು. ಮಣ್ಣಿನಲ್ಲಿ ಉಳಿದ ಬೀಜವು ವರ್ಷಗಟ್ಟಲೆ ಕಾಯಬಲ್ಲುದಾದ್ದರಿಂದ, ಅದಕ್ಕಿಂತಲೂ ಹೆಚ್ಚಿನ ತಾಳ್ಮೆಯು ನಮ್ಮಲ್ಲಿರಬೇಕು.