ಮುಗಿಯದ ಪ್ರಯೋಗಕ್ಕೊಂದು ಸ್ಥಳ

ನಮ್ಮ ನಾಡಿನ ಯಾವುದಾದರೊಂದು ಹಳೆಯ ಕಾಲೇಜಿನ ಜೀವಶಾಸ್ತ್ರ ವಿಭಾಗವನ್ನು ಹೊಕ್ಕು ನೋಡಿದರೆ, ಎತ್ತರದ ಚಾವಣಿಯ ಕೆಳಗೆ ನೆಲಕ್ಕೆ ಬಿಗಿದು ನಿಲ್ಲಿಸಿದ ಕಡಪ ಕಲ್ಲಿನ ಮೇಜುಗಳ ಸಾಲೂ, ಗೋಡೆಯ ಉದ್ದಕ್ಕೆ ಗಾಜಿನ ಬೀರುಗಳಲ್ಲಿ ಫಾರ್ಮಲಿನ್ನಿನೊಳಗೆ ಬಣ್ಣಗೆಟ್ಟು ನಿಂತ ಮೀನು, ಹಾವು, ನಕ್ಷತ್ರಮೀನುಗಳೂ, ಮರದ ಪೆಟ್ಟಿಗೆಗಳಲ್ಲಿ ಬೀಗಹಾಕಿಟ್ಟ ಸೂಕ್ಷ್ಮದರ್ಶಕಗಳೂ ಕಣ್ಣಿಗೆ ಬೀಳುತ್ತವೆ. ಈ ಕೊಠಡಿಗಳನ್ನು ಕಟ್ಟಿಸಿದ ಹಿರಿಯರ ಮುಂದೆ ಸ್ಪಷ್ಟವಾದ ಉದ್ದೇಶವೊಂದಿತ್ತು. ಪಠ್ಯದಲ್ಲಿ ಓದಿದ್ದನ್ನು ವಿದ್ಯಾರ್ಥಿಯು ಮೂರು ಗಂಟೆಯೊಳಗೆ ಕಣ್ಣಾರೆ ಕಂಡು, ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು, ಅಧ್ಯಾಪಕರ ರುಜು ಪಡೆದು ಹೊರಡಬೇಕು. ಅವನ ಬೆನ್ನಿಗೇ ಮೇಜನ್ನೊರೆಸಿ ಮುಂದಿನ ಬ್ಯಾಚಿಗೆ ಸಿದ್ಧಮಾಡಬೇಕು. ಆ ಉದ್ದೇಶಕ್ಕೆ ಆ ಕೊಠಡಿ ಸರ್ವಥಾ ತಕ್ಕುದಾಗಿತ್ತು. ಆದರೆ ಪದವಿ ತರಗತಿಯಲ್ಲಿಯೇ ವಿದ್ಯಾರ್ಥಿಗೆ ಸಂಶೋಧನೆಯ ಅನುಭವ ದೊರೆಯಬೇಕೆಂದು ನಾವು ಬಯಸುವುದಾದರೆ, ಅಲ್ಲಿ ಬದಲಾಗತಕ್ಕದ್ದು ಏನು ಎಂಬ ಪ್ರಶ್ನೆ ಏಳುತ್ತದೆ. ಬೆಲೆಬಾಳುವ ಯಂತ್ರಗಳು ಎಂಬ ಉತ್ತರ ಬಹುಬೇಗ ನಾಲಗೆಗೆ ಬರುತ್ತದೆ. ನನಗೆ ತೋರುವುದು ಬೇರೆ: ಇಂದು ತೊಡಗಿದ ಪ್ರಯೋಗ ಮುಗಿಯದೆ ಅಲ್ಲಿಯೇ ಉಳಿದು, ನಾಳೆಯೂ ಮುಂದಿನ ವಾರವೂ ಇಟ್ಟಲ್ಲಿಯೇ ಕೆಡದೆ ಕೈಗೆ ದೊರೆಯುವಂಥ ಸ್ಥಳವೇ ಎಲ್ಲಕ್ಕಿಂತ ಮೊದಲು ಬೇಕಾದದ್ದು.

ಜೀವಶಾಸ್ತ್ರ ಓದಿದವರೆಲ್ಲರೂ ಮಾಡಿರುವ ಒಂದು ಪ್ರಯೋಗವನ್ನೇ ತೆಗೆದುಕೊಳ್ಳೋಣ. ಈರುಳ್ಳಿಯ ಬೇರಿನ ತುದಿಯನ್ನು ಕತ್ತರಿಸಿ, ಅಸಿಟೊಕಾರ್ಮಿನ್ ಬಣ್ಣದಲ್ಲಿ ನೆನೆಸಿ, ಗಾಜಿನ ಪಟ್ಟಿಯ ಮೇಲಿಟ್ಟು ಕವರ್ ಸ್ಲಿಪ್ಪಿನಡಿ ಹೆಬ್ಬೆರಳಿನಿಂದ ಅದುಮಿದರೆ, ಸೂಕ್ಷ್ಮದರ್ಶಕದಲ್ಲಿ ವಿಭಜಿಸುತ್ತಿರುವ ಜೀವಕೋಶಗಳು ಕಾಣುತ್ತವೆ. ಅವುಗಳೊಳಗೆ 16 ವರ್ಣತಂತುಗಳು ಕೆಂಪುಗೆರೆಗಳಂತೆ ಬೇರೆಬೇರೆಯಾಗುತ್ತಿರುತ್ತವೆ. ಬೇರನ್ನು ಅಟೆಂಡರ್ ಮುಂಚಿತವಾಗಿಯೇ ಬೆಳೆಸಿಟ್ಟಿರುತ್ತಾನೆ, ಫಲವೂ ಮುಂಚಿತವಾಗಿಯೇ ಗೊತ್ತಿರುತ್ತದೆ. ಇದೇ ಈರುಳ್ಳಿಯನ್ನು 1938ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಎಂಬ ವಿಜ್ಞಾನಿ ಕಾಲ್ಚಿಸಿನ್ ಎಂಬ ವಿಷವಸ್ತುವಿನ ದ್ರಾವಣದಲ್ಲಿ ಬೇರುಬಿಡಿಸಿ, ವರ್ಣತಂತುಗಳ ಮೇಲೆ ಅದರ ಪರಿಣಾಮವನ್ನು ಪರೀಕ್ಷಿಸಿದ. ನೀರಿನಲ್ಲಿ ಬೆರೆತ ವಿಷವನ್ನು ಪತ್ತೆಹಚ್ಚಲು ಈರುಳ್ಳಿಯ ಬೇರು ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನೂರ ಕೆರೆಗೆ ಚರಂಡಿ ಕೂಡುವೆಡೆಯ ನೀರನ್ನೂ, ಕೋಡಿಯ ಕಡೆಯ ನೀರನ್ನೂ, ಶುದ್ಧವಾದ ನೀರನ್ನೂ ಬೇರೆಬೇರೆ ನಳಿಕೆಗಳಲ್ಲಿ ತುಂಬಿ, ಪ್ರತಿಯೊಂದರ ಬಾಯಿಗೂ ಒಂದೊಂದು ಈರುಳ್ಳಿಯನ್ನು ಬುಡ ಮಾತ್ರ ನೀರು ಮುಟ್ಟುವಂತೆ ಕೂರಿಸಿದಳೆನ್ನಿ. ಎರಡು ಮೂರು ದಿನಗಳಲ್ಲಿ ಬೇರುಗಳು ಇಳಿಯುತ್ತವೆ. ಅವುಗಳ ಉದ್ದವನ್ನು ಅಳೆದು, ತುದಿಗಳನ್ನು ಒಂದು ಪಾಲು ಅಸಿಟಿಕ್ ಆಮ್ಲ ಮೂರು ಪಾಲು ಆಲ್ಕೊಹಾಲ್ ಬೆರೆತ ದ್ರವದಲ್ಲಿ ಒಂದು ದಿನವಿಟ್ಟು, ಬಣ್ಣಹಾಕಿ, ನೂರಾರು ಕೋಶಗಳನ್ನು ಎಣಿಸಿ, ವಿಭಜಿಸುತ್ತಿರುವವು ಎಷ್ಟು, ತುಂಡಾದ ಅಥವಾ ಹಿಂದುಳಿದ ವರ್ಣತಂತುಗಳಿರುವವು ಎಷ್ಟು ಎಂದು ಅವಳು ಬರೆದುಕೊಳ್ಳಬೇಕು. ಈ ಲೆಕ್ಕದ ಉತ್ತರ ಅಧ್ಯಾಪಕರಿಗೂ ತಿಳಿಯದು. ಸಂಶೋಧನೆ ಪ್ರಾರಂಭವಾಗುವುದು ಅಲ್ಲಿಂದಲೇ.

ಇಷ್ಟಕ್ಕೂ ಇದಕ್ಕೆ ಬೇಕಾದ ಸಲಕರಣೆಗಳಲ್ಲಿ ಹೊಸದು ಯಾವುದೂ ಇಲ್ಲ. ಹೊಸದಾಗಿ ಬೇಕಾದದ್ದು, ಮುಂದಿನ ಬ್ಯಾಚಿನವರು ಬಂದು ಎತ್ತಿಡದಂಥ, ಬಿಸಿಲು ನೇರವಾಗಿ ಬೀಳದಂಥ, ಹೆಸರು ದಿನಾಂಕಗಳ ಚೀಟಿಯೊಡನೆ ನಳಿಕೆಗಳು ಒಂದು ವಾರ ನೆಮ್ಮದಿಯಾಗಿ ಇರಬಲ್ಲ ಒಂದು ಗೂಡು. ಅದು ನಮ್ಮ ಪ್ರಯೋಗಾಲಯಗಳಲ್ಲಿ ಅಪರೂಪ.

ಇಂಥ ಸ್ಥಳವನ್ನು ಪದವಿಯ ಮೊದಲ ವರ್ಷದವರಿಗೇ ಕೊಟ್ಟರೆ ಏನಾಗಬಹುದೆಂಬುದಕ್ಕೆ ಅಮೆರಿಕದಲ್ಲಿ ಒಂದು ದೃಷ್ಟಾಂತವಿದೆ. ಹವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರೊಡನೆ ಕೂಡಿ 2008ರಲ್ಲಿ ತೊಡಗಿದ ಯೋಜನೆಯಂತೆ, ಇಂದು ನೂರಕ್ಕೂ ಮೀರಿದ ಕಾಲೇಜುಗಳ ವಿದ್ಯಾರ್ಥಿಗಳು ಅಂಗಳದ ಮಣ್ಣನ್ನು ತಂದು, ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್ಸುಗಳನ್ನು, ಅಂದರೆ ಫೇಜ್‌ಗಳನ್ನು, ಅದರಿಂದ ಬೇರ್ಪಡಿಸುತ್ತಾರೆ. ಮಣ್ಣನ್ನು ದ್ರಾವಣದಲ್ಲಿ ಕದಡಿ, ಬ್ಯಾಕ್ಟೀರಿಯಾ ನುಸುಳಲಾರದಷ್ಟು ಸೂಕ್ಷ್ಮವಾದ ಸೋಸುಕದಿಂದ ಸೋಸಿ, ಕ್ಷಯದ ರೋಗಾಣುವಿನ ನಿರಪಾಯ ಬಂಧುವಾದ ಒಂದು ಬ್ಯಾಕ್ಟೀರಿಯಾದೊಡನೆ ಬೆರೆಸಿ, ಅಗಾರ್ ತಟ್ಟೆಯ ಮೇಲೆ ಹೊಯ್ದು, 37 ಡಿಗ್ರಿ ಉಷ್ಣತೆಯಲ್ಲಿ ಒಂದೆರಡು ದಿನ ಕಾಯಬೇಕು. ಬ್ಯಾಕ್ಟೀರಿಯಾ ಹಬ್ಬಿ ಮಸುಕಾದ ತಟ್ಟೆಯಲ್ಲಿ ಅಲ್ಲಲ್ಲಿ ತಿಳಿಯಾದ ಚುಕ್ಕೆಗಳು ಕಂಡರೆ, ಅಲ್ಲಿ ಫೇಜ್ ಇದೆ. ಅದಕ್ಕೆ ಹೆಸರಿಡುವ ಅಧಿಕಾರ ಕಂಡುಹಿಡಿದ ವಿದ್ಯಾರ್ಥಿಯದು. ಇದೇ ಬಗೆಯ ಕೆಲಸದಲ್ಲಿ ತೊಡಗಿದ್ದ ವಿದ್ಯಾರ್ಥಿನಿಯೊಬ್ಬಳು 2010ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಕೊಳೆತ ಬದನೆಕಾಯಿಯೊಂದರಿಂದ ತೆಗೆದ ‘ಮಡ್ಡಿ’ ಎಂಬ ಫೇಜು ಹ್ಯಾಟ್‌ಫುಲ್ ಅವರ ಸಂಗ್ರಹವನ್ನು ಸೇರಿತು. ಶ್ವಾಸಕೋಶದ ಕಸಿಯಾದ ಮೇಲೆ ಯಾವ ಔಷಧಕ್ಕೂ ಮಣಿಯದ ಸೋಂಕಿಗೆ ತುತ್ತಾಗಿದ್ದ 15 ವರ್ಷದ ಇಂಗ್ಲಿಷ್ ಬಾಲಕಿಯ ಚಿಕಿತ್ಸೆಗೆ, ಮಡ್ಡಿಯನ್ನೂ ಒಳಗೊಂಡ ಮೂರು ಫೇಜ್‌ಗಳ ಮಿಶ್ರಣವನ್ನು ಬಳಸಲಾಯಿತೆಂದೂ, ಅವಳು ಗಮನಾರ್ಹವಾಗಿ ಚೇತರಿಸಿಕೊಂಡಳೆಂದೂ 2019ರಲ್ಲಿ ವರದಿಯಾಯಿತು.

ಕಟ್ಟಡದಲ್ಲಿ ಆಗಬೇಕಾದ ಮಾರ್ಪಾಡುಗಳ ವಿಷಯ ಬಂದಾಗ ಕೆಲವು ಸಣ್ಣ ಸಂಗತಿಗಳೇ ಹಿರಿದಾಗುತ್ತವೆ. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು. ಆಮ್ಲ ಚೆಲ್ಲಿದೆಡೆಯಲ್ಲಿ ಅದು ನೊರೆಯೆದ್ದು ಸವೆದು, ಆ ಕುಳಿಗಳಲ್ಲಿ ಕೊಳೆ ನಿಲ್ಲುತ್ತದೆ. ಗ್ರಾನೈಟು ಹಾಗಲ್ಲ, ಅದಕ್ಕಾಗಿ ನಾವು ದೂರ ಹೋಗಬೇಕಾಗಿಯೂ ಇಲ್ಲ. ಗಾಳಿಯನ್ನು ಸೋಸಿ ಹಾಯಿಸುವ ಲ್ಯಾಮಿನಾರ್ ಫ್ಲೋ ಪೀಠವನ್ನು ಬಾಗಿಲ ಬಳಿಯಲ್ಲಾಗಲಿ ಫ್ಯಾನಿನ ಕೆಳಗಾಗಲಿ ಇಟ್ಟರೆ ಅದಿದ್ದೂ ಇಲ್ಲದಂತೆ. ಇನ್ನೂ ಮುಖ್ಯವಾದ ಮಾತೆಂದರೆ, ಅದು ಕಾಪಾಡುವುದು ತಟ್ಟೆಯೊಳಗಿನ ಜೀವಿಯನ್ನು, ಮುಂದೆ ಕುಳಿತ ವಿದ್ಯಾರ್ಥಿಯನ್ನಲ್ಲ. ಅದರ ಗಾಳಿ ಬೀಸುವುದು ಅವನ ಮುಖದ ಮೇಲೆಯೇ. ಚರಂಡಿಯ ನೀರಿನ ಅಪರಿಚಿತ ಸೂಕ್ಷ್ಮಾಣುಗಳನ್ನು ಬೆಳೆಸುವವರಿಗೆ, ಇಬ್ಬರನ್ನೂ ಕಾಪಾಡುವ ಜೈವಿಕ ಸುರಕ್ಷಾ ಕಪಾಟೇ ಬೇಕು. ಬೆಳೆಸಿದ್ದನ್ನೆಲ್ಲ ಬಿಸಾಡುವ ಮೊದಲು 121 ಡಿಗ್ರಿಯ ಹಬೆಯಲ್ಲಿ ಕೊಲ್ಲಬೇಕಾದ್ದರಿಂದ ಆಟೋಕ್ಲೇವಿಗೆ ಪ್ರತ್ಯೇಕ ವಿದ್ಯುತ್ ತಂತಿಯೂ, ಕೈತೊಳೆಯಲು ಬಾಗಿಲ ಹತ್ತಿರವೇ ಒಂದು ತೊಟ್ಟಿಯೂ ಇರತಕ್ಕದ್ದು. ಡಿಎನ್‌ಎ ಪ್ರತಿಗಳನ್ನು ಮಾಡುವ ಕಿಣ್ವಗಳನ್ನು ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಇಡಬೇಕು. ಬೇಸಗೆಯ ರಾತ್ರಿ ದೀರ್ಘಕಾಲ ಕರೆಂಟು ಹೋದರೆ, ವರ್ಷದ ಕೆಲಸಕ್ಕೆಂದು ಕೊಂಡ ಸಾಮಗ್ರಿಯೆಲ್ಲ ನಿಷ್ಪ್ರಯೋಜಕವಾಗಬಹುದು.

ಜಾಗವೆಲ್ಲಿ ಎನ್ನುವವರಿಗೆ ಒಂದು ಮಾತು. ಪ್ರಾಣಿಗಳ ಅಂಗಚ್ಛೇದನವನ್ನು ಕಡಮೆಮಾಡುವಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2011ರಲ್ಲಿ ಸೂಚಿಸಿ, 2014ರಲ್ಲಿ ಪೂರ್ತಿಯಾಗಿ ನಿಲ್ಲಿಸಿದ ಮೇಲೆ, ಅದಕ್ಕೆಂದು ಮೀಸಲಿದ್ದ ಮೇಜುಗಳೂ ಮೇಣದ ತಟ್ಟೆಗಳೂ ತೆರವಾಗಿವೆ. ಫಾರ್ಮಲಿನ್ನಿನ ಆವಿ ಕ್ಯಾನ್ಸರ್‌ಕಾರಕವೆಂಬುದು ಸಿದ್ಧಪಟ್ಟಿರುವುದರಿಂದ ಆ ಜಾಡಿಗಳೂ ಗಾಳಿಯಾಡುವ ಬೇರೆ ಕೋಣೆಗೆ ಹೋಗುವುದು ಲೇಸು. ಆದರೆ ಹಿಡಿದ ಊರು, ವರ್ಷಗಳ ಚೀಟಿಯಿರುವ ಒಂದು ಜಾಡಿಯನ್ನೂ ಎಸೆಯಬಾರದು. ಆ ಹಳ್ಳದಲ್ಲಿ ಆ ಮೀನು ಒಮ್ಮೆ ಇತ್ತೆಂಬುದಕ್ಕೆ ಅದೊಂದೇ ಸಾಕ್ಷಿಯಾಗಿರಬಹುದು.

ಯಂತ್ರವಿಲ್ಲದೆ ಸಂಶೋಧನೆಯಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿರುವುದರಿಂದ, ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರನ್ನು ಇಲ್ಲಿ ಸ್ಮರಿಸಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರು ಆರ್ಕಿಡ್ ಗಿಡಗಳ ಭ್ರೂಣಶಾಸ್ತ್ರದಲ್ಲಿ ಮಾಡಿದ ಕೆಲಸಕ್ಕೂ, ಮುಂದೆ ಹಾರ್ವರ್ಡಿನಲ್ಲಿ ಅಲ್ಲಿನ ಸಸ್ಯಶಾಸ್ತ್ರಜ್ಞ ಬೈಲಿಯವರೊಡನೆ ಸಾರ್ಕಾಂಡ್ರ ಎಂಬ ಗಿಡದ ಕಾಂಡದಲ್ಲಿ ನೀರ್ನಾಳಗಳೇ ಇಲ್ಲವೆಂದು 1950ರಲ್ಲಿ ಪ್ರಕಟಿಸಿದ ಕೆಲಸಕ್ಕೂ, ಮುಖ್ಯ ಸಾಧನಗಳು ತೆಳುವಾದ ಸೀಳುಗಳು, ಬಣ್ಣಗಳು, ಸೂಕ್ಷ್ಮದರ್ಶಕ ಮತ್ತು ದಣಿಯದ ಕಣ್ಣು. ಅವರ ‘ಹಸುರು ಹೊನ್ನು’ ಓದಿದವರಿಗೆ, ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡದ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳಿಸುವ ಕಲೆ ಎಂಥದೆಂಬುದು ತಿಳಿದೇ ಇದೆ.

ಹಣದ ಮಾರ್ಗಗಳು ಇಲ್ಲದಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಫಿಸ್ಟ್’ ಯೋಜನೆ 2000ದಲ್ಲಿಯೂ, ಪದವಿ ಕಾಲೇಜುಗಳಿಗೆಂದೇ ಜೈವಿಕ ತಂತ್ರಜ್ಞಾನ ಇಲಾಖೆಯ ‘ಸ್ಟಾರ್ ಕಾಲೇಜು’ ಯೋಜನೆ 2008ರಲ್ಲಿಯೂ ಹುಟ್ಟಿದವು. ಸಂಶೋಧನೆಗೆ ನಾಲ್ಕನೆಯ ವರ್ಷವನ್ನು ಕಲ್ಪಿಸಿದ್ದ ವ್ಯವಸ್ಥೆಯಿಂದ ನಮ್ಮ ರಾಜ್ಯ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ. ಆದಕಾರಣ ಸಂಶೋಧನೆಯ ಅಭ್ಯಾಸಕ್ಕೆ ಅವಕಾಶವೆಂಬುದು ಇನ್ನು ಮೂರು ವರ್ಷದ ಪ್ರಾಕ್ಟಿಕಲ್ ತರಗತಿಯೊಳಗೇ ದೊರೆಯಬೇಕಾಗಿದೆ. ಅನುದಾನ ಬಂದಾಗ ಕಾಲೇಜುಗಳು ಮೊದಲು ಬರೆಯುವ ಪಟ್ಟಿ ಯಂತ್ರಗಳದು. ಕೊಳಾಯಿ, ತಂತಿ, ಗೂಡು, ದುರಸ್ತಿ ಇವು ಕೊನೆಗೆ ಬರುತ್ತವೆ, ಅಷ್ಟರಲ್ಲಿ ಹಣ ಮುಗಿದಿರುತ್ತದೆ. ಈ ಕ್ರಮ ತಲೆಕೆಳಗಾಗಬೇಕು. ಜೊತೆಗೆ ವೇಳಾಪಟ್ಟಿಯೂ ಬದಲಾಗಬೇಕು: ಶನಿವಾರ ನೀರಿಗಿಟ್ಟ ಈರುಳ್ಳಿಯ ಬೇರನ್ನು ಸೋಮವಾರ ಬೆಳಗ್ಗೆ ತರಗತಿಗೆ ಮೊದಲೇ ಕತ್ತರಿಸಬೇಕಾಗಿ ಬಂದರೆ, ಬಾಗಿಲು ತೆರೆಯುವವರು ಯಾರು, ಕೀಲಿಕೈ ಯಾರ ಬಳಿ ಇರತಕ್ಕದ್ದು, ಹೊತ್ತಿಗೆ ಮುಂಚೆ ಬರುವ ಅಟೆಂಡರಿಗೆ ಅದಕ್ಕೆ ತಕ್ಕ ಸಂಬಳ ಯಾವ ಲೆಕ್ಕದಿಂದ ಎಂಬುದನ್ನು ಪ್ರಾಂಶುಪಾಲರು ಕಟ್ಟಡದ ನಕ್ಷೆ ಬರೆಸುವ ದಿನವೇ ತೀರ್ಮಾನಿಸಿ, ಅಂದಾಜು ಪಟ್ಟಿಯಲ್ಲಿ ಸೇರಿಸತಕ್ಕದ್ದು.